ಆಡಿನ ಗಿಣ್ಣು: ಹಬೆಗೆ ಹೋಗುವುದೇನು, ಉಳಿಯುವುದೇನು

ಗಿಣ್ಣದ ಹಾಲನ್ನು ಹಬೆಗಿಟ್ಟರೆ ಹೆಪ್ಪಿಲ್ಲದೆಯೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಕಾರಣ ಅದರಲ್ಲಿ ತುಂಬಿರುವ ಹಾಲೊಡಕಿನ ಪ್ರೋಟೀನುಗಳು. ಅವುಗಳಲ್ಲಿ ದೊಡ್ಡ ಪಾಲು ಇಮ್ಯುನೊಗ್ಲಾಬ್ಯುಲಿನ್ ಜಿ, ಅಂದರೆ ಪ್ರತಿಕಾಯ. ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಈ ಪ್ರೋಟೀನುಗಳ ಮಡಿಕೆ ಬಿಚ್ಚಿ, ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ಮಡಿಕೆ ಬಿಚ್ಚಿದ ಪ್ರತಿಕಾಯ ರೋಗಾಣುವನ್ನು ಹಿಡಿಯಲಾರದು. ಗಿಣ್ಣು ಚೆನ್ನಾಗಿ ಗಟ್ಟಿಯಾಯಿತು ಅಂದರೆ ಪ್ರತಿಕಾಯಗಳು ಬಹುಪಾಲು ಕೆಟ್ಟವು ಎಂದೇ ಅರ್ಥ. ಮೂರನೆಯ ದಿನದ ಹಾಲು ಸರಿಯಾಗಿ ಕಟ್ಟದಿರುವುದೂ ಇದರಿಂದಲೇ: ಮೊದಲ ಸಲ ಕರೆದಾಗ ಲೀಟರಿಗೆ ಹತ್ತಾರು ಗ್ರಾಂ ಇದ್ದ ಪ್ರತಿಕಾಯ ಅಷ್ಟರಲ್ಲಿ ಕುಸಿದಿರುತ್ತದೆ.

ಹಾಗೆಂದು ಹಸಿ ಗಿಣ್ಣದ ಹಾಲು ಕುಡಿಯಲೇಬಾರದು. ಆಡುಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗಾಣು ಹಾಲಿನಲ್ಲೂ ಇಳಿಯುತ್ತದೆ. ಮನುಷ್ಯರಿಗೆ ತಗುಲಿದರೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ.

ಬೇಯಿಸಿದ ಗಿಣ್ಣಿನಲ್ಲಿ ಉಳಿಯುವುದೂ ಕಡಿಮೆಯಲ್ಲ. ಪ್ರೋಟೀನು ಆಹಾರವಾಗಿ ಪೂರ್ತಿ ದಕ್ಕುತ್ತದೆ. ಕ್ಯಾಲ್ಸಿಯಂ, ಸತು ಎಲ್ಲೂ ಹೋಗುವುದಿಲ್ಲ. ಆಡಿನ ಹಾಲಿನ ವಿಶೇಷವೆಂದರೆ ಆಲಿಗೊಸ್ಯಾಕರೈಡ್ ಎಂಬ ಸಣ್ಣ ಸಕ್ಕರೆ ಸರಪಳಿಗಳು. ಹಸುವಿನ ಹಾಲಿಗಿಂತ ಇದರಲ್ಲಿ ಹೆಚ್ಚು, ಗಿಣ್ಣದಲ್ಲಿ ಇನ್ನೂ ಹೆಚ್ಚು. ಇವು ಶಾಖಕ್ಕೆ ಜಗ್ಗುವುದಿಲ್ಲ. ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿದು ಅಲ್ಲಿನ ಬಿಫಿಡೊ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತವೆ. ಕಬ್ಬಿಣವನ್ನು ಬಿಗಿಹಿಡಿದು ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುವ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ಮಾತ್ರ ಕುದಿಸಿದರೆ ಕೆಡುತ್ತದೆ.

ಕಡಿಮೆ ಶಾಖದಲ್ಲಿ ಒಣಗಿಸಿದ ಗಿಣ್ಣದ ಪುಡಿಗಳ ಮಾತೇ ಬೇರೆ. ಅವುಗಳಲ್ಲಿ ಪ್ರತಿಕಾಯ ಉಳಿದಿದ್ದರೂ ದೊಡ್ಡವರ ರಕ್ತಕ್ಕೆ ಸೇರುವುದಿಲ್ಲ. ಒಂದಿಷ್ಟು ಹೊಟ್ಟೆಯಲ್ಲೇ ಜೀರ್ಣವಾಗಿ, ಮಿಕ್ಕದ್ದು ಕರುಳಿನೊಳಗಷ್ಟೇ ಕೆಲಸ ಮಾಡಬಲ್ಲದು. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಹೆಚ್ಚಿನವು ಹಸುವಿನ ಗಿಣ್ಣದವು. ನಿರ್ದಿಷ್ಟ ರೋಗಾಣುವಿಗೆ ಲಸಿಕೆ ಹಾಕಿದ ಹಸುಗಳ ಗಿಣ್ಣ ಅದೇ ರೋಗಾಣುವಿನ ಭೇದಿಯನ್ನು ತಡೆದದ್ದುಂಟು. ಆ ಫಲಿತಾಂಶ ತೋರಿಸಿ ಆಡಿನ ಪುಡಿ ಮಾರುವುದು ಸರಿಯಲ್ಲ. ಹಸುವಿನ ಹಾಲು ಅಲರ್ಜಿ ಇರುವವರಲ್ಲಿ ಬಹುತೇಕರಿಗೆ ಆಡಿನದೂ ಆಗುವುದಿಲ್ಲ. ಹಸುಗೂಸಿಗಂತೂ ಯಾವ ರೂಪದಲ್ಲೂ ಬೇಡ. ಅದಕ್ಕೆ ಬೇಕಾದ ಗಿಣ್ಣ ತಾಯಿಯ ಎದೆಯಲ್ಲೇ ಇದೆ.

ಈ ಹಾಲಿನ ಮೊದಲ ಹಕ್ಕು ಮರಿಯದು. ಮನುಷ್ಯರ ಕೂಸಿಗೆ ಗರ್ಭದಲ್ಲೇ ತಾಯಿಯ ಪ್ರತಿಕಾಯ ಸಿಗುತ್ತದೆ. ಆಡಿನ ಮಾಸು ಅವನ್ನು ದಾಟಲು ಬಿಡುವುದಿಲ್ಲ. ಹಾಗಾಗಿ ಮರಿ ಹೆಚ್ಚುಕಡಿಮೆ ಬರಿಗೈಯಲ್ಲೇ ಹುಟ್ಟುತ್ತದೆ, ಅದರ ಕರುಳು ಪ್ರತಿಕಾಯ ಹೀರುವುದೂ ಸುಮಾರು 24 ಗಂಟೆಗೇ ನಿಲ್ಲುತ್ತದೆ. 2 ಕಿಲೋ ಮರಿಗೆ ಹುಟ್ಟಿದ ಎರಡು ಗಂಟೆಯೊಳಗೆ 100 ಮಿಲಿ, ದಿನ ತುಂಬುವುದರೊಳಗೆ ಒಟ್ಟು 200 ಮಿಲಿ ಕುಡಿಸಿ. ಗಿಣ್ಣು ಮಾಡುವ ಯೋಚನೆ ಅದಾದ ಮೇಲೆ. ಬಣ್ಣ ನೋಡಿ ಗುಣ ಅಳೆಯಬೇಡಿ: ಹಸುವಿನ ಗಿಣ್ಣದ ಹಳದಿ ಕ್ಯಾರೋಟಿನ್‌ನದು, ಆಡು ಅದನ್ನು ವಿಟಮಿನ್ ಎ ಆಗಿ ಬದಲಿಸಿಬಿಡುವುದರಿಂದ ಅದರ ಹಾಲು ಬಿಳಿಚಿಕೊಂಡೇ ಇರುತ್ತದೆ.

ಉಳಿದದ್ದನ್ನು 100 ಮಿಲಿ ಬಾಟಲಿಗಳಲ್ಲಿ ತುಂಬಿ, ದಿನಾಂಕ ಬರೆದು, ಮೈನಸ್ 20 ಡಿಗ್ರಿಯಲ್ಲಿ ಇಟ್ಟರೆ ತಾಯಿ ಸತ್ತ ಮರಿಗೆ ಒದಗುತ್ತದೆ. ಕರಗಿಸಲು ಬಾಟಲಿಯನ್ನು 50 ಡಿಗ್ರಿ ಮೀರದ ಬಿಸಿನೀರಿನಲ್ಲಿ ನಿಲ್ಲಿಸಿ. ಒಲೆಯ ಮೇಲಿಟ್ಟರೆ ತಳದಲ್ಲಿ ಗಿಣ್ಣು ಕಟ್ಟುತ್ತದೆ.