ಬೆಳ್ಳಿ ನಾಣ್ಯದ ಅಡಿಯಲ್ಲಿ ಮೂರು ಅಕ್ಷರ

2010ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಫ್ರೂಮ್ ಪಟ್ಟಣದ ಬಳಿಯ ಹೊಲವೊಂದರಲ್ಲಿ ಲೋಹಶೋಧಕ ಹಿಡಿದು ಹುಡುಕುತ್ತಿದ್ದ ಹವ್ಯಾಸಿಯೊಬ್ಬರಿಗೆ ನೆಲದೊಳಗೆ ಹೂತಿದ್ದ ದೊಡ್ಡ ಮಡಕೆಯೊಂದು ಸಿಕ್ಕಿತು. ಅದರಲ್ಲಿ ಸುಮಾರು 160 ಕಿಲೋ ತೂಕದ 52,503 ರೋಮನ್ ನಾಣ್ಯಗಳಿದ್ದವು. ಬಹುಪಾಲು ಕಿಲುಬು ಹಿಡಿದ ತಾಮ್ರದ ಬೆರಕೆಯವು. ಆದರೆ ಕರೌಸಿಯಸ್ ಎಂಬವನ ಹೆಸರಿದ್ದ ಐದು ನಾಣ್ಯಗಳು ಅಸಲಿ ಬೆಳ್ಳಿಯವು.

ಕರೌಸಿಯಸ್ ಇಂದಿನ ಬೆಲ್ಜಿಯಂ ಕಡೆಯ ಕರಾವಳಿಯ ಮೆನಾಪಿ ಬುಡಕಟ್ಟಿನವನು, ಸಾಮಾನ್ಯರ ಮನೆಯಲ್ಲಿ ಹುಟ್ಟಿ ಸೈನ್ಯದಲ್ಲಿ ಮೇಲೇರಿದವನು. ಫ್ರಾಂಕ್ ಮತ್ತು ಸ್ಯಾಕ್ಸನ್ ಕಡಲ್ಗಳ್ಳರನ್ನು ಅಡಗಿಸಲೆಂದು ಬೂಲೋನ್ ಬಂದರಿನ ನೌಕಾಪಡೆಯನ್ನು ಅವನ ಕೈಗೆ ಕೊಡಲಾಗಿತ್ತು. ಕಳ್ಳರು ದೋಚುವವರೆಗೆ ಸುಮ್ಮನಿದ್ದು, ಅವರು ಮರಳುವಾಗ ಹಿಡಿದು, ಕಸಿದ ಮಾಲನ್ನು ಖಜಾನೆಗೆ ಕಟ್ಟದೆ ಇಟ್ಟುಕೊಂಡನೆಂಬ ಆರೋಪದ ಮೇಲೆ ಚಕ್ರವರ್ತಿ ಮ್ಯಾಕ್ಸಿಮಿಯನ್ ಮರಣದಂಡನೆಗೆ ಆಜ್ಞೆ ಮಾಡಿದಾಗ, ಕ್ರಿ.ಶ. 286ರ ಸುಮಾರಿಗೆ ಅವನು ಹಡಗುಗಳ ಸಮೇತ ಬ್ರಿಟನ್ನಿಗೆ ದಾಟಿ ತಾನೇ ಚಕ್ರವರ್ತಿಯೆಂದು ಸಾರಿದ. ಈ ಕಥೆಯನ್ನು ಬರೆದಿಟ್ಟವರು ಗೆದ್ದ ಪಕ್ಷದವರು. ಅವನ ಪಕ್ಷದ ಮಾತು ಬೇಕಾದರೆ ನಾಣ್ಯಗಳನ್ನೇ ಕೇಳಬೇಕು.

ಆ ಕಾಲಕ್ಕೆ ಸಾಮ್ರಾಜ್ಯದ ಚಲಾವಣೆಯ ನಾಣ್ಯದಲ್ಲಿ ಬೆಳ್ಳಿ ಹೆಚ್ಚೆಂದರೆ ಶೇ. 5ರಷ್ಟಿತ್ತು. ಟಂಕಸಾಲೆಯವರು ಬಿಲ್ಲೆಯ ಮೇಲ್ಮೈಗೆ ಬೆಳ್ಳಿಯ ಹೊಳಪು ಕೊಡುತ್ತಿದ್ದರು. ಆ ಬೆಳ್ಳಿ ತೆಳುವಾದ ಪೊರೆಯಾಗಿ ಹೊಳೆಯುತ್ತಿತ್ತು. ಹತ್ತು ಕೈ ದಾಟುವಷ್ಟರಲ್ಲಿ, ಹಿತ್ತಾಳೆ ಪಾತ್ರೆಯ ಕಲಾಯಿ ಹೋದಂತೆ, ಒಳಗಿನ ಕೆಂಪು ಇಣುಕುತ್ತಿತ್ತು. ಇಂಥ ದಿನಗಳಲ್ಲಿ ಕರೌಸಿಯಸ್ ಶೇ. 90ರ ಆಸುಪಾಸು ಬೆಳ್ಳಿಯಿರುವ, ಸುಮಾರು 4 ಗ್ರಾಂ ತೂಕದ ದಿನೇರಿಯಸ್‌ಗಳನ್ನು ಅಚ್ಚು ಹಾಕಿಸಿದ. (ನಮ್ಮ 'ದೀನಾರ' ಈ ದಿನೇರಿಯಸ್‌ನಿಂದಲೇ ಬಂದ ಪದ.) ಮ್ಯಾಕ್ಸಿಮಿಯನ್ ಜೊತೆ ಆಳುತ್ತಿದ್ದ ಹಿರಿಯ ಚಕ್ರವರ್ತಿ ಡಯೋಕ್ಲೀಷಿಯನ್ ಸುಮಾರು 294ರಲ್ಲಿ ಚೊಕ್ಕ ಬೆಳ್ಳಿ ನಾಣ್ಯ ತರುವುದಕ್ಕೂ ಮುಂಚಿನ ಮಾತಿದು. ಸೈನಿಕರ ನಿಷ್ಠೆಯೇ ಬಂಡವಾಳವಾಗಿದ್ದವನಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಇನ್ನೊಂದಿರಲಾರದು.

ಬೆಳ್ಳಿಗಿಂತ ಕುತೂಹಲದ ಸಂಗತಿ ಹಿಂಬದಿಯಲ್ಲಿದೆ. ಒಂದು ಬಗೆಯ ನಾಣ್ಯದಲ್ಲಿ ಅವಳಿ ಶಿಶುಗಳಿಗೆ ಹಾಲೂಡುವ ರೋಮಿನ ಹೆಣ್ಣುತೋಳವಿದೆ. ಇನ್ನೊಂದರಲ್ಲಿ ಬ್ರಿಟಾನಿಯಾ ದೇವಿ ಅವನ ಕೈಹಿಡಿದು, 'ಕಾದಿದ್ದವನೇ, ಬಾ' ಎಂದು ಸ್ವಾಗತಿಸುತ್ತಾಳೆ. ಈ ಮಾತು ರೋಮನ್ ಕವಿ ವರ್ಜಿಲನ ಮಹಾಕಾವ್ಯದಲ್ಲಿ ಕಥಾನಾಯಕ ಈನಿಯಸ್ ಟ್ರಾಯ್ ಯುದ್ಧದಲ್ಲಿ ಸತ್ತ ವೀರ ಹೆಕ್ಟರನಿಗೆ ಆಡುವ ನುಡಿಯ ಪ್ರತಿಧ್ವನಿ. ಚಿತ್ರದ ಕೆಳಗೆ, ಸಾಮಾನ್ಯವಾಗಿ ಟಂಕಸಾಲೆಯ ಗುರುತು ಇರುವ ಜಾಗದಲ್ಲಿ, ಆರ್.ಎಸ್.ಆರ್. ಎಂಬ ಮೂರು ಅಕ್ಷರಗಳಿವೆ. ಅದು ಹಣಕಾಸು ಅಧಿಕಾರಿಯ ಪದನಾಮದ ಸಂಕ್ಷೇಪವೆಂದು ವಿದ್ವಾಂಸರು ಬಹುಕಾಲ ಊಹಿಸಿದ್ದರು.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕರೌಸಿಯಸ್‌ನ ಕಂಚಿನ ಪದಕವೊಂದರಲ್ಲಿ ಅದೇ ಜಾಗದಲ್ಲಿ ಐ.ಎನ್.ಪಿ.ಸಿ.ಡಿ.ಎ. ಎಂದಿತ್ತು. 1998ರಲ್ಲಿ ಇತಿಹಾಸಕಾರ ಗೈ ಡಿ ಲಾ ಬೆಡೋಯೆರ್ ಎರಡನ್ನೂ ಜೊತೆಗಿಟ್ಟು ಓದಿದರು. ವರ್ಜಿಲನ ನಾಲ್ಕನೆಯ ಗೋಪಗೀತೆಯಲ್ಲಿ 'ರೆಡೆಯುಂಟ್ ಸಾಟುರ್ನಿಯಾ ರೆಗ್ನಾ', ಅಂದರೆ 'ಸ್ಯಾಟರ್ನನ ಆಳ್ವಿಕೆ ಮರಳುತ್ತಿದೆ' ಎಂಬ ಮಾತಿದೆ; ಸ್ಯಾಟರ್ನ್ ದೇವನ ಆಳ್ವಿಕೆಯೆಂದರೆ ರೋಮನ್ನರ ಸುವರ್ಣಯುಗ. ಅದರ ಮರುಸಾಲೇ 'ಇಯಾಮ್ ನೋವಾ ಪ್ರೊಗೆನಿಯೆಸ್ ಕೈಲೋ ಡೆಮಿಟಿಟುರ್ ಆಲ್ಟೋ', ಎಂದರೆ 'ಹೊಸ ಪೀಳಿಗೆ ಎತ್ತರದ ಆಗಸದಿಂದ ಇಳಿದು ಬರುತ್ತಿದೆ'. ಈ ಎರಡೂ ಮಾತುಗಳ ಲ್ಯಾಟಿನ್ ಪದಗಳ ಮೊದಲಕ್ಷರಗಳು ನಾಣ್ಯ ಮತ್ತು ಪದಕದ ಅಕ್ಷರಗಳಿಗೆ ಒಂದೂ ತಪ್ಪದೆ ಕೂಡುತ್ತವೆ. ಮೂರಕ್ಷರವಷ್ಟೇ ಇದ್ದಿದ್ದರೆ ಆಕಸ್ಮಿಕವೆಂದು ತಳ್ಳಿಹಾಕಬಹುದಿತ್ತು. ಬೆನ್ನುಬೆನ್ನಿಗಿರುವ ಸಾಲುಗಳಿಂದ ಒಂಬತ್ತೂ ಹೊಂದಿದಾಗ ಆ ಮಾತು ನಿಲ್ಲುವುದಿಲ್ಲ. ಕೃತಯುಗ ಮತ್ತೆ ಬಂದಿದೆ ಎಂದು ನಾಣ್ಯದಲ್ಲಿ ಗುಟ್ಟಾಗಿ ಹೇಳುವ ಬಂಡುಕೋರನನ್ನು ಬರೀ ಕಡಲ್ಗಳ್ಳರ ಪಾಲುದಾರನೆನ್ನುವುದು ನನಗೆ ಕಷ್ಟವೇ.

293ರಲ್ಲಿ ಅವನ ಹಣಕಾಸು ಅಧಿಕಾರಿ ಅಲೆಕ್ಟಸನೇ ಅವನನ್ನು ಕೊಂದ; 296ರಲ್ಲಿ ರೋಮಿನ ಉಪಚಕ್ರವರ್ತಿ ಕಾನ್‌ಸ್ಟಾಂಟಿಯಸ್ ಬ್ರಿಟನ್ನನ್ನು ಮರಳಿ ಗೆದ್ದ. ಕರೌಸಿಯಸ್‌ನ ಹೆಸರುಳ್ಳ ಒಂದು ಮೈಲಿಗಲ್ಲು 1894ರಲ್ಲಿ ಉತ್ತರ ಇಂಗ್ಲೆಂಡಿನ ಕಾರ್ಲೈಲ್ ಬಳಿಯ ಪೆಟರಿಲ್ ನದಿಯಲ್ಲಿ ದೊರೆಯಿತು. ಅದನ್ನು ಯಾರೋ ತಲೆಕೆಳಗು ಮಾಡಿ, ಅವನ ಹೆಸರಿದ್ದ ತುದಿಯನ್ನು ಮಣ್ಣಿನಲ್ಲಿ ನೆಟ್ಟು, ಮೇಲೆ ಬಂದ ತುದಿಯಲ್ಲಿ ಕಾನ್‌ಸ್ಟಾಂಟಿಯಸ್‌ನ ಮಗ ಕಾನ್‌ಸ್ಟಂಟೈನನ ಹೆಸರು ಕೆತ್ತಿದ್ದರು. ಹೂತಿದ್ದರಿಂದ ಕೆಳಗಿನ ಅಕ್ಷರಗಳು ಸವೆಯದೆ ಉಳಿದಿವೆ.