ಯಾವ ಗಡಿಯೊಳಗಿನ ತುಮಕೂರು?

'ವೇಗವಾಗಿ ಬೆಳೆಯುತ್ತಿರುವ ನಗರಗಳು' ಅಂತ ಒಂದು ಪಟ್ಟಿ ಆಗಾಗ ವಾಟ್ಸಾಪ್‌ಗೆ ಬರುತ್ತದೆ. ತುಮಕೂರಿನ ಹೆಸರಿದ್ದರೆ ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಆದರೆ ಬೆಳೆದದ್ದು ಏನು? ಜನವಾ, ಮನೆಗಳಾ, ದುಡ್ಡಾ? ಯಾವ ವರ್ಷದಿಂದ ಯಾವ ವರ್ಷಕ್ಕೆ? ಅದೇ ಅಲ್ಲಿ ಇರುವುದಿಲ್ಲ.

ಊರು ಬೆಳೆದಿರುವುದು ನಿಜ. ನಗರಸಭೆ ಮಹಾನಗರ ಪಾಲಿಕೆ ಆಯಿತು, ವಸಂತನರಸಾಪುರಕ್ಕೆ ಕಾರ್ಖಾನೆಗಳು ಬಂದವು, 2011ರ ಜನಗಣತಿಯಲ್ಲಿ ನಗರದ ಜನ 3 ಲಕ್ಷ ದಾಟಿದರು.

ಪಟ್ಟಿಗಳ ಭರಾಟೆ ಶುರುವಾದದ್ದು ಆಮೇಲೆ. 2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂತು. ಊರುಗಳು ಪೈಪೋಟಿ ಮಾಡಿ ಆಯ್ಕೆಯಾಗಬೇಕಿತ್ತು. 2016ರ ಜನವರಿಯಲ್ಲಿ ಬೆಳಗಾವಿ, ದಾವಣಗೆರೆ ಗೆದ್ದವು. ಸೆಪ್ಟೆಂಬರ್‌ನಲ್ಲಿ ತುಮಕೂರೂ ಸೇರಿತು. ಅದೇ ವರ್ಷ 73 ನಗರಗಳ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲು ಬಂತು. ಊರಿಗೆ ರ‍್ಯಾಂಕ್ ಅನ್ನುವ ಮಾತು ಮನೆಮಾತಾದದ್ದೇ ಆಗ.

2018ರಲ್ಲಿ ಕೇಂದ್ರ ಸರ್ಕಾರ 111 ನಗರಗಳ 'ಸುಗಮ ಜೀವನ' ಸೂಚ್ಯಂಕ ಹೊರತಂದಿತು. ಬೆಂಗಳೂರಿಗೆ 58ನೇ ಸ್ಥಾನ. 2021ರ ಮಾರ್ಚ್‌ನಲ್ಲಿ ಬಂದ ಮುಂದಿನ ಪಟ್ಟಿಯಲ್ಲಿ ಅದೇ ಬೆಂಗಳೂರು ದೊಡ್ಡ ನಗರಗಳ ಪೈಕಿ ಮೊದಲು! ಅಷ್ಟರಲ್ಲಿ ಊರು ಅಷ್ಟೊಂದು ಬದಲಾಗಿತ್ತಾ? ಲೆಕ್ಕ ಹಾಕುವ ರೀತಿಯೇ ಬದಲಾಗಿತ್ತು. ಮೊದಲು 78 ಅಂಶ ನೋಡಿದ್ದರು, ಈ ಸಲ 49. ಹತ್ತು ಲಕ್ಷಕ್ಕಿಂತ ಜಾಸ್ತಿ ಜನರಿರುವ ಊರುಗಳನ್ನು ಬೇರೆ ಮಾಡಿದ್ದರು. ಜನರ ಅನಿಸಿಕೆಗೇ 100ಕ್ಕೆ 30 ಅಂಕ ಇಟ್ಟಿದ್ದರು. ಲೆಕ್ಕವನ್ನು ಬಿಚ್ಚಿಟ್ಟಿದ್ದರಿಂದ ಇಷ್ಟಾದರೂ ನಮಗೆ ಗೊತ್ತಾಯಿತು. ಬಿಚ್ಚಿಡದ ಪಟ್ಟಿಯನ್ನು ನಾನಂತೂ ನಂಬುವುದಿಲ್ಲ.

2020ರ ಜನವರಿಯಲ್ಲಿ ಕೇರಳದ ಮಲಪ್ಪುರಂ 'ಜಗತ್ತಿನಲ್ಲೇ ವೇಗವಾಗಿ ಬೆಳೆಯುತ್ತಿರುವ ನಗರ' ಅನ್ನಿಸಿಕೊಂಡಿತು. 2001ರ ಗಣತಿಯಲ್ಲಿ ಆ ನಗರ ಪ್ರದೇಶದ ಜನ 1.7 ಲಕ್ಷ, 2011ರಲ್ಲಿ ಸುಮಾರು 17 ಲಕ್ಷ. ಅಷ್ಟು ಜನ ಎಲ್ಲಿಂದಲೋ ಬಂದು ಸೇರಿದ್ದಲ್ಲ. ಸುತ್ತಲಿನ ಹಳ್ಳಿಗಳನ್ನು ಗಣತಿಯಲ್ಲಿ ಪಟ್ಟಣ ಎಂದು ಗುರುತಿಸಿ ನಗರದ ಲೆಕ್ಕಕ್ಕೆ ಸೇರಿಸಿದ್ದರು.

ಗಡಿ ಅಂದರೆ ಏನು ಅಂತ ನಮ್ಮ ರಸ್ತೆಗೆ ಬಂದರೆ ಕಾಣುತ್ತದೆ. ನಮ್ಮ ಸಾಲು ಪಾಲಿಕೆ, ಎದುರು ಸಾಲು ಗ್ರಾಮ ಪಂಚಾಯಿತಿ. ನಮಗೆ ನಲ್ಲಿಯಲ್ಲಿ ಹೇಮಾವತಿ ನೀರು, ಎದುರಿನವರಿಗೆ ಬೋರ್‌ವೆಲ್. ಕಸದ ಗಾಡಿ ನಮ್ಮ ಬದಿಗೆ ಮಾತ್ರ ನಿಲ್ಲುತ್ತದೆ. ಮಕ್ಕಳು ಹೋಗುವ ಶಾಲೆ ಒಂದೇ, ಹತ್ತುವ ಬಸ್ಸೂ ಒಂದೇ. ಎದುರು ಸಾಲನ್ನು ನಗರಕ್ಕೆ ಸೇರಿಸಿದ ದಿನ ತುಮಕೂರು 'ಬೆಳೆಯುತ್ತದೆ'. ಹೊಸದಾಗಿ ಒಬ್ಬರೂ ಬಂದಿರುವುದಿಲ್ಲ.

ದುಡ್ಡಿನ ಲೆಕ್ಕವೂ ಹೀಗೇ. ನಮ್ಮಲ್ಲಿ ಆದಾಯದ ಸರ್ಕಾರಿ ಅಂದಾಜು ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ. ಜಿಲ್ಲೆಯ ಇನ್ನೊಂದು ತಾಲ್ಲೂಕಾದ ಪಾವಗಡದ ಹೊಲವೂ ಅದರಲ್ಲೇ, ನಗರದ ಬಿ.ಎಚ್. ರಸ್ತೆಯ ಅಂಗಡಿಯೂ ಅದರಲ್ಲೇ. ನಗರದ ಪಾಲು ಇಷ್ಟು ಅಂತ ಹೇಳುವವರು ಅದನ್ನು ಹೇಗೆ ಬೇರ್ಪಡಿಸಿದರು ಅಂತಲೂ ಹೇಳಬೇಕು ಅಲ್ವಾ?

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಮುಂದಿನದು 2027ರದ್ದು. ಅದರ ಅಂಕಿ ಕೈಗೆ ಬರುವವರೆಗೆ ತುಮಕೂರಿನ ಜನಸಂಖ್ಯೆ ಇಷ್ಟು ಬೆಳೆಯಿತು ಅನ್ನುವ ಪ್ರತಿ ಸಂಖ್ಯೆಯೂ ಅಂದಾಜೇ.