ವೈನ್ ಬಾಟಲಿಯನ್ನು ಎಷ್ಟು ವರ್ಷ ಎತ್ತಿಡಬೇಕು?

ಪ್ರಶ್ನೆ: ನಂದಿ ಬೆಟ್ಟದ ಕಡೆ ಹೋದಾಗ ಅಲ್ಲಿನ ವೈನರಿಯಿಂದ ಒಂದು ಬಿಳಿ, ಒಂದು ಕೆಂಪು ವೈನ್ ತಂದಿದ್ದೆವು. ಐದು ವರ್ಷದಿಂದ ಶೋಕೇಸಿನಲ್ಲಿ ಜೋಪಾನವಾಗಿ ಇಟ್ಟಿದ್ದೇವೆ. ಇನ್ನೂ ಎಷ್ಟು ವರ್ಷ ಇಟ್ಟರೆ ರುಚಿ ಚೆನ್ನಾಗಿ ಕೂಡಿಬರುತ್ತದೆ?

ಉತ್ತರ: ಇನ್ನು ಒಂದು ವಾರವೂ ಬೇಡ. ಬಿಳಿಯದರ ಕಾಲ ಬಹುಮಟ್ಟಿಗೆ ಮುಗಿದಿದೆ. ಕೆಂಪಿನಲ್ಲಿ ಸತ್ವ ಉಳಿದಿದ್ದರೆ ಅದು ನಿಮ್ಮ ಅದೃಷ್ಟ, ಇವತ್ತೇ ತೆಗೆದು ನೋಡಿ.

ಊರು, ಬಾಟಲಿ, ವರ್ಷಗಳ ಲೆಕ್ಕ ಬದಲಾಗುತ್ತದೆಯೇ ಹೊರತು ಈ ಪ್ರಶ್ನೆ ಮಾತ್ರ ನಿಲ್ಲುವುದಿಲ್ಲ. ಎಷ್ಟು ಸಲ ಹೇಳಿದರೂ ‘ವೈನ್ ಹಳೆಯದಾದಷ್ಟೂ ರುಚಿ’ ಎಂಬ ನಂಬಿಕೆ ಅಲ್ಲಾಡುತ್ತಿಲ್ಲ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ಮೊದಲು ವಿಸ್ಕಿಯ ಗೊಂದಲ. ವಿಸ್ಕಿ ಬಾಟಲಿಯ ಮೇಲೆ ‘12 ವರ್ಷ’ ಎಂದಿದ್ದರೆ ಅದು ಮರದ ಪೀಪಾಯಿಯಲ್ಲಿ ಕಳೆದ ಕಾಲ. ಗಾಜಿನ ಬಾಟಲಿಗೆ ಇಳಿದ ಮೇಲೆ, ಮುಚ್ಚಳ ತೆಗೆಯುವ ತನಕ, ವಿಸ್ಕಿ ಹೆಚ್ಚುಕಡಿಮೆ ಇದ್ದ ಹಾಗೆಯೇ ಇರುತ್ತದೆ. ವೈನ್ ಹಾಗಲ್ಲ, ಬಾಟಲಿಯೊಳಗೂ ಬದಲಾಗುತ್ತಲೇ ಇರುತ್ತದೆ. ಆದರೆ ಬದಲಾಗುವುದೆಲ್ಲ ಉತ್ತಮವಾಗುವುದಲ್ಲ. ಹುಲ್ಲಿನಲ್ಲಿ ಹಣ್ಣಿಗಿಟ್ಟ ಮಾವಿಗೆ ಒಂದು ಹದದ ದಿನವಿರುತ್ತದೆ, ಅದು ದಾಟಿದರೆ ಕೊಳೆಯುವುದೇ. ವೈನಿಗೂ ಅಂಥದೊಂದು ಹದವಿದೆ, ಮತ್ತು ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಆ ಹದಕ್ಕೆ ಬಂದ ಮೇಲೆಯೇ ಅಂಗಡಿಗೆ ಬರುತ್ತದೆ.

ಹಾಗಾದರೆ ದಶಕಗಟ್ಟಲೆ ಬಾಳುವ ವೈನ್ ಇಲ್ಲವೇ? ಇದೆ, ಆದರೆ ಅದು ತೀರಾ ಕಡಿಮೆ. ಅದನ್ನು ಕಾಪಾಡುವುದು ಮುಖ್ಯವಾಗಿ ಮೂರು ಸಂಗತಿ: ಹುಳಿ, ಒಗರು, ಸಿಹಿ. ಕೆಂಪು ವೈನಿನ ಒಗರು, ಅಂದರೆ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ವರ್ಷ ಕಳೆದಂತೆ ಈ ಟ್ಯಾನಿನ್ ಕಣಗಳು ತಮ್ಮತಮ್ಮಲ್ಲೂ ಬಣ್ಣದ ಕಣಗಳ ಜೊತೆಗೂ ಕೂಡಿಕೊಂಡು ತಳದಲ್ಲಿ ಗಸಿಯಾಗಿ ಕೂರುತ್ತವೆ. ಆಗ ಕುಡಿದರೆ ಬಾಯಿಗೆ ಮೆತ್ತಗೆನಿಸುತ್ತದೆ. ಒಗರೇ ಹೆಚ್ಚಿಲ್ಲದ ವೈನಿನಲ್ಲಿ ಮೆತ್ತಗಾಗಲು ಏನಿದೆ? ಅಲ್ಲಿ ಕಾಲ ಕಳೆದಂತೆ ಹಣ್ಣಿನ ಪರಿಮಳ ಮಾತ್ರ ಆರಿಹೋಗುತ್ತದೆ. ಸಾವಿನ್ಯೋನ್ ಬ್ಲಾಂಕ್ ದ್ರಾಕ್ಷಿಯ ಹಸಿ ಹುಲ್ಲಿನಂಥ ತಾಜಾ ಘಮವೇ ಅದರ ಜೀವ. ಆ ದ್ರಾಕ್ಷಿಯ ಬಿಳಿ ವೈನನ್ನು ಐದು ವರ್ಷ ಶೋಕೇಸಿನಲ್ಲಿಟ್ಟರೆ ಉಳಿಯುವುದು ಕಂದುಬಣ್ಣ ಮತ್ತು ಹೆಚ್ಚಿಟ್ಟ ಸೇಬಿನ ವಾಸನೆ.

ಇನ್ನು ನಮ್ಮ ನೆಲದ ಮಾತು. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ನಮ್ಮ ಬೆಳೆಗಾರರು ಏಪ್ರಿಲ್ ಹೊತ್ತಿಗೆ ಒಂದು, ಮಳೆಗಾಲ ಹಿಂದೆ ಸರಿಯುವಾಗ ಇನ್ನೊಂದು, ಹೀಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಸವರುವ ಕೆಲಸ, ಮಾಡುತ್ತಾರೆ. ಎರಡನೆಯದರಲ್ಲಿ ಹಿಡಿದ ಕಾಯಿ ಫೆಬ್ರುವರಿ, ಮಾರ್ಚ್‌ನಲ್ಲಿ, ಬಿಸಿಲು ಏರುತ್ತಿರುವಾಗ ಹಣ್ಣಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಹಣ್ಣಿನ ಹುಳಿ ಬೇಗ ಇಳಿಯುತ್ತದೆ. ನಂದಿ ಬೆಟ್ಟದ ತಪ್ಪಲಿನ ಎತ್ತರ ಮತ್ತು ತಂಪು ರಾತ್ರಿಗಳು ಆ ಹುಳಿಯನ್ನು ಸ್ವಲ್ಪ ಉಳಿಸಿಕೊಡುತ್ತವೆ. ಗ್ರೋವರ್ ವೈನರಿಯನ್ನು ಕಟ್ಟಿದ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ನೆಡಲು ದೊಡ್ಡಬಳ್ಳಾಪುರದ ಕಡೆಯ ಈ ನೆಲವನ್ನು ಆರಿಸಿದ್ದು ಎಷ್ಟು ಸರಿ ಎಂದು ಅಲ್ಲಿನ ಬಿಳಿ ವೈನ್ ಕುಡಿದಾಗಲೆಲ್ಲ ನನಗೆ ಅನಿಸುತ್ತದೆ. ಆದರೂ ಅದು ಎಳೆಯದಿದ್ದಾಗಲೇ ಚೆಂದ. ಅದನ್ನು ಮಾಡಿರುವುದೇ ಹಾಗೆ ಕುಡಿಯಲೆಂದು. ಇದು ನಮ್ಮ ವೈನಿನ ಗುಣ, ಕೊರತೆಯಲ್ಲ.

ಲೆಕ್ಕ ಬೇಕೆಂದರೆ ನನ್ನ ಲೆಕ್ಕ ಇದು. ಚೀಟಿಯ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಬಿಳಿ ಮತ್ತು ರೋಸೆಯನ್ನು, ಅಂದರೆ ಗುಲಾಬಿ ಬಣ್ಣದ ವೈನನ್ನು, ಅಲ್ಲಿಂದ ಎರಡು ವರ್ಷದೊಳಗೆ ಮುಗಿಸಿ, ಸಾಧಾರಣ ಕೆಂಪನ್ನು ಮೂರರೊಳಗೆ. ಓಕ್ ಪೀಪಾಯಿಯಲ್ಲಿ ಮಾಗಿಸಿದ ಕೆಂಪು, ಉದಾಹರಣೆಗೆ ಅದೇ ಗ್ರೋವರ್ ವೈನರಿಯ, ಈಗಿನ ಗ್ರೋವರ್ ಜಂಪಾದ, ಕ್ಯಾಬರ್ನೆ-ಶಿರಾಝ್ ಮಿಶ್ರಣ ಲಾ ರಿಸರ್ವ್, ಅಥವಾ ಹಂಪಿ ಸೀಮೆಯ ಕೃಷ್ಮಾ ವೈನರಿಯ ಕ್ಯಾಬರ್ನೆ ಸಾವಿನ್ಯೋನ್, ಇನ್ನೂ ಕೆಲವು ವರ್ಷ ತಡೆದಾವು. ಅದೂ 12ರಿಂದ 15 ಡಿಗ್ರಿ ತಂಪಿನಲ್ಲಿ, ಕತ್ತಲಲ್ಲಿ ಇಟ್ಟಿದ್ದರೆ. ಏಪ್ರಿಲ್‌ನಲ್ಲಿ 30 ಡಿಗ್ರಿ ದಾಟುವ ಹಾಲ್‌ನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ನೆಟ್ಟಗೆ ನಿಲ್ಲಿಸಿಟ್ಟ ಬಾಟಲಿಯ ಕಾರ್ಕ್ ಒಣಗುತ್ತದೆ, ಗಾಳಿ ಒಳಹೋಗುತ್ತದೆ. ಫ್ರಿಜ್ಜಿನ ತಲೆಯ ಮೇಲಿಡುವುದಂತೂ ಇನ್ನೂ ಕೆಟ್ಟದ್ದು. ಅಲ್ಲಿ ಬಿಸಿಯೂ ಇದೆ, ಅದುರುವಿಕೆಯೂ ಇದೆ.

‘ನಂದಿಯ ವೈನ್ ಅಂದರೆ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯದೇ ತಾನೆ?’ ಎಂದು ಕೇಳುವವರಿಗೂ ಒಂದು ಮಾತು. ಮೇಲೆ ಹೇಳಿದ ವೈನುಗಳು ಅದರವಲ್ಲ. ಬೆಂಗಳೂರು ಬ್ಲೂ ಅಮೆರಿಕದ ಲ್ಯಾಬ್ರುಸ್ಕಾ ಜಾತಿಯ ನೆತ್ತರಿರುವ ತಳಿ. ದಪ್ಪ ಸಿಪ್ಪೆ, ಮೂಗಿಗೆ ಬಡಿಯುವ ಘಮ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕವೂ ಸಿಕ್ಕಿತು. ಅದು ಹೆಚ್ಚಾಗಿ ಜ್ಯೂಸಿಗೆ, ಜಾಮಿಗೆ, ಅಗ್ಗದ ಸಿಹಿ ‘ಪೋರ್ಟ್’ಗೆ ಹೋಗುತ್ತದೆ.

ಎತ್ತಿಡುವುದರ ಬಗ್ಗೆ ಇಷ್ಟೊಂದು ಜನ ಕೇಳುತ್ತಾರೆ. ಊಟದ ಜೊತೆ ಯಾವುದು ಎಂದು ಕೇಳುವವರು ಮಾತ್ರ ಕಡಿಮೆ. ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ನಮ್ಮ ಅಡುಗೆಗೆ ವೈನ್ ಹೊಂದುವುದಿಲ್ಲ ಎಂಬ ಮಾತು ಕೇಳಿ ಬೇಸರವಾಗಿದೆ. ಹೊಂದದಿರುವುದು ಖಾರದ ಎದುರು ಒಗರು ಕೆಂಪನ್ನು ತಂದಿಟ್ಟಾಗ. ಮೆಣಸಿನಕಾಯಿಯ ಉರಿಯನ್ನು ಟ್ಯಾನಿನ್ನೂ ಆಲ್ಕೋಹಾಲೂ ಸೇರಿ ಏರಿಸುತ್ತವೆ. ಕೋರಿ ಗಸಿಗೆ ತುಸು ಸಿಹಿ ಉಳಿದಿರುವ, ಚೆನ್ನಾಗಿ ತಣಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಕೊಟ್ಟು ನೋಡಿ, ಆ ಸಿಹಿ ಬ್ಯಾಡಗಿಯ ಖಾರವನ್ನು ತಣಿಸುತ್ತದೆ, ತೆಂಗಿನಕಾಯಿಯ ಜೊತೆಗೂ ಜಗಳವಿಲ್ಲ. ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿ ರೊಟ್ಟಿಗೆ ಸಾವಿನ್ಯೋನ್ ಬ್ಲಾಂಕ್, ಸೊಪ್ಪಿನ ಘಮಕ್ಕೆ ಸೊಪ್ಪಿನ ಘಮ. ದೊನ್ನೆ ಬಿರಿಯಾನಿಗೆ ರೋಸೆ. ಕೊಡಗಿನ ಪಂದಿ ಕರಿಯಲ್ಲಿ ಕಾಚಂಪುಳಿಯ ಹುಳಿ ಜೋರಾಗಿರುವುದರಿಂದ ಹುಳಿ ಕಡಿಮೆಯಿರುವ ವೈನ್ ಅದರ ಮುಂದೆ ಸಪ್ಪೆಯಾಗುತ್ತದೆ, ಚುರುಕಾದ ಎಳೆಯ ಕೆಂಪು ಬೇಕು.

ಕಾಳುಮೆಣಸಿನ ಮಟನ್ ಫ್ರೈಗಾದರೆ ಶಿರಾಝ್. ಕಾಳುಮೆಣಸಿಗೆ ಅದರ ಘಮ ಕೊಡುವ ರೊಟಂಡೋನ್ ಎಂಬ ವಸ್ತುವೇ ಶಿರಾಝ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ, ಮಾಂಸದ ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿಗೂ ಇದೇ ಸಾಕು, ಶೇಂಗಾ-ಗುರೆಳ್ಳಿನ ಎಣ್ಣೆಯಂಶ ಅಲ್ಲಿ ಕೊಬ್ಬಿನ ಕೆಲಸ ಮಾಡುತ್ತದೆ, ಖಾರ ಮಾತ್ರ ಮಿತಿಯಲ್ಲಿರಲಿ. ಹೋಳಿಗೆಯ ಜೊತೆ ಸಿಹಿಯಿಲ್ಲದ ಕೆಂಪು ಬೇಡ, ಕಹಿ ಬಡಿಯುತ್ತದೆ. ಸಿಹಿತಿಂಡಿಗಿಂತ ವೈನ್ ಹೆಚ್ಚು ಸಿಹಿಯಾಗಿರಬೇಕು.

ಕೆಂಪನ್ನು ‘ಕೋಣೆಯ ಬಿಸಿಯಲ್ಲಿ’ ಕೊಡಬೇಕೆನ್ನುವುದು ತಂಪು ದೇಶಗಳ ಕೋಣೆಯ ಮಾತು, 16ರಿಂದ 18 ಡಿಗ್ರಿಯದು. ನಮ್ಮಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಉಳಿದದ್ದಕ್ಕೆ ಬಿಗಿಯಾಗಿ ಬಿರಡೆ ಹಾಕಿ ಮತ್ತೆ ಫ್ರಿಜ್ಜಿಗೇ ಇಡಿ, ಮೂರು ದಿನದೊಳಗೆ ಮುಗಿಸಿ.